ಯಾರ ಬೆರಳಿಗೆ ಯಾವ ಕೀಲಿಮಣೆ

‘ಕನ್ನಡ’ ಎಂಬ ಪದವನ್ನು ಕಂಪ್ಯೂಟರಿನಲ್ಲಿ ಮೂಡಿಸಬೇಕು ಅಂದುಕೊಳ್ಳಿ. ನುಡಿ ತಂತ್ರಾಂಶಕ್ಕೆ ಕೈ ಪಳಗಿದವರು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಕೀ ಒತ್ತಿ ಮುಗಿಸುತ್ತಾರೆ. ಇನ್‌ಸ್ಕ್ರಿಪ್ಟ್ ಕಲಿತವರು ಒತ್ತುವುದೂ ಐದೇ, ಆದರೆ ಕೀಗಳು ಬೇರೆ: ಕೆ, ವಿ, ಡಿ, ವಿ, ಕೊನೆಗೆ ಪಿ ಪಕ್ಕದಲ್ಲಿರುವ ಚೌಕ ಆವರಣದ ಕೀ. ‘ಬರಹ’ದಲ್ಲಿ ಲಿಪ್ಯಂತರ ಮಾಡುವವರು ಈ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಬರೆಯುತ್ತಾರೋ ಹಾಗೆಯೇ ಏಳು ಕೀ ಒತ್ತುತ್ತಾರೆ, ಡಿ ಬಂದಾಗ ಶಿಫ್ಟ್ ಹಿಡಿಯಲು ಮರೆತರೆ ‘ಕನ್ನದ’ ಆಗಿಬಿಡುತ್ತದೆ. ಇನ್ನು ಫೋನಿನಲ್ಲಿ ಬರೆಯುವವರಿಗೆ ಎರಡು ಮೂರು ಅಕ್ಷರ ಒತ್ತುವ ಹೊತ್ತಿಗೆ ಇಡೀ ಪದವೇ ಕೀಲಿಮಣೆಯ ಮೇಲೆ ಬಂದು ನಿಂತಿರುತ್ತದೆ, ಅದನ್ನು ಮುಟ್ಟಿದರೆ ಆಯಿತು.

ಪರದೆಯ ಮೇಲೆ ಮೂಡುವ ಪದ ಒಂದೇ. ಆದರೆ ಈ ನಾಲ್ವರನ್ನು ಒಂದು ಕೋಣೆಯಲ್ಲಿ ಕೂರಿಸಿ, ನಾಲ್ಕರಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಕೈಬಿಡೋಣ ಎಂದು ಹೇಳಿ ನೋಡಿ. ತಮ್ಮದೇ ಸುಲಭ ಎಂದು ಪ್ರತಿಯೊಬ್ಬರೂ ವಾದಿಸುತ್ತಾರೆ. ಪ್ರತಿಯೊಬ್ಬರ ಮಾತೂ ನಿಜವೇ. ತಂತ್ರಾಂಶ ರೂಪಿಸುವ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲಿ. ಒಬ್ಬರದು ಸರಿ, ಇನ್ನೊಬ್ಬರದು ತಪ್ಪು ಎಂದಿದ್ದರೆ ಕಷ್ಟವೇ ಇರುತ್ತಿರಲಿಲ್ಲ. ಎಲ್ಲರದೂ ಸರಿ ಇದ್ದು, ಎಲ್ಲವನ್ನೂ ಒಟ್ಟಿಗೆ ಕೊಡಲು ಬಾರದೆ ಇರುವಾಗ ಏನು ಮಾಡಬೇಕು?

ಹೊಸ ಆ್ಯಪ್ ಬಂದಾಗ, ಹಳೆಯದರ ಮುಖ ಬದಲಾದಾಗ ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ‘ಬಳಸುವವರನ್ನು ಒಂದು ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬುದು. ಕೇಳಬೇಕು ನಿಜ. ಆದರೆ ಕೇಳಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದಿಲ್ಲ. ಕನ್ನಡ ಕೀಲಿಮಣೆಯ ಮೂರೂವರೆ ದಶಕಗಳಿಗೂ ಮಿಗಿಲಾದ ಕಥೆ ಇದನ್ನು ಬೇರಾವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ.

ಇನ್‌ಸ್ಕ್ರಿಪ್ಟ್‌ನಿಂದ ಶುರು ಮಾಡೋಣ, ಏಕೆಂದರೆ ಎಲ್ಲರನ್ನೂ ಒಟ್ಟಿಗೆ ಒಪ್ಪಿಸಲು ಹೊರಟ ವಿನ್ಯಾಸ ಅದು. ಭಾರತದ ಲಿಪಿಗಳಿಗೆಲ್ಲ ಒಂದೇ ಕೀಲಿಮಣೆ ಇರಲಿ ಎಂದು ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಅದನ್ನು ಮಾನಕವಾಗಿ ತಂದಿತು. ಇಸ್ಕಿ ಎಂಬ ಸಂಕೇತ ಪದ್ಧತಿಯ ಜೊತೆಗೆ 1991ರಲ್ಲಿ ಅದು ಭಾರತೀಯ ಮಾನಕ ಬ್ಯೂರೋದ ದಾಖಲೆಗೂ ಸೇರಿತು. ಅದರ ಹಿಂದಿನ ಯೋಚನೆ ನಿಜಕ್ಕೂ ಸೊಗಸಾದದ್ದು. ಬ್ರಾಹ್ಮಿಯಿಂದ ಬಂದ ನಮ್ಮ ಲಿಪಿಗಳ ರೂಪ ಎಷ್ಟೇ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ. ಹಾಗಾಗಿ ಸ್ವರಗಳು ಎಡಗೈ ಕಡೆ, ಹೆಚ್ಚಿನ ವ್ಯಂಜನಗಳು ಬಲಗೈ ಕಡೆ. ಅಲ್ಪಪ್ರಾಣದ ಕೀಗೆ ಶಿಫ್ಟ್ ಸೇರಿಸಿದರೆ ಮಹಾಪ್ರಾಣ. ಕನ್ನಡದ ‘ಕ’ ಎಲ್ಲಿದೆಯೋ ತೆಲುಗಿನ, ಮಲಯಾಳದ, ಬಂಗಾಳಿಯ ‘ಕ’ ಕೂಡ ಅಲ್ಲೇ ಇರುತ್ತದೆ. ಒಂದು ಭಾಷೆಯಲ್ಲಿ ಕಲಿತ ಕೈ ಹತ್ತು ಭಾಷೆಗೆ ಒದಗುತ್ತದೆ.

ಈಗ ಅದರಲ್ಲಿ ‘ಮನೆ’ ಎಂದು ಬರೆಯಿರಿ. ಎತ್ವ ಬೇಕು. ಅದು ಇರುವುದು ಎಡಗೈ ಕಿರುಬೆರಳು ಕೆಳಗಿಳಿದು ಹುಡುಕಬೇಕಾದ ಜ಼ೆಡ್ ಕೀಯಲ್ಲಿ. ‘ಹೊಲ’ ಎಂದು ಬರೆಯಿರಿ. ಒತ್ವ ಇರುವುದು ಇನ್ನೂ ದೂರ, ಅಂಕಿ 1ರ ಎಡಕ್ಕೆ, ಮೂಲೆಯ ಕೀಯಲ್ಲಿ. ಅದೇ ಎತ್ವದ, ಒತ್ವದ ದೀರ್ಘಗಳು ಮಾತ್ರ ಎಡಗೈ ಬೆರಳುಗಳು ಸುಮ್ಮನೆ ಕೂರುವ ನಡುಸಾಲಿನಲ್ಲೇ ಇವೆ, ಎಸ್ ಮತ್ತು ಎ ಕೀಗಳಲ್ಲಿ. ಹೀಗೇಕೆಂದರೆ ವಿನ್ಯಾಸಕ್ಕೆ ಅಡಿಪಾಯ ದೇವನಾಗರಿ. ಹಿಂದಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಬೇರೆ ಅಕ್ಷರಗಳಾಗಿ ಬಳಕೆಯಲ್ಲಿಲ್ಲ; ಅಲ್ಲಿರುವುದು ದೀರ್ಘಗಳೇ. ಅವಕ್ಕೆ ಒಳ್ಳೆಯ ಜಾಗ ಸಿಕ್ಕಿತು. ದ್ರಾವಿಡ ಭಾಷೆಗಳಿಗೆ ಬೇಕಾದ ಹ್ರಸ್ವಗಳಿಗೆ ಉಳಿದ ಜಾಗ ಸಿಕ್ಕಿತು. ಮನೆ, ಕೆರೆ, ತೆನೆ, ಇದೆ, ಕೊಡು, ಹೊರಗೆ, ನೋಡಿದೆ: ಕನ್ನಡದ ಯಾವ ಪುಟವನ್ನಾದರೂ ತೆರೆದು ನೋಡಿ, ಎತ್ವವಿಲ್ಲದ ಸಾಲು ಸಿಗುವುದು ಕಷ್ಟ.

ಇದರಲ್ಲಿ ಯಾರ ದುರುದ್ದೇಶವನ್ನೂ ನಾನು ಕಾಣುವುದಿಲ್ಲ. ಹತ್ತು ಲಿಪಿಗಳಿಗೆ ಒಂದೇ ನಕ್ಷೆ ಎಂದು ತೀರ್ಮಾನಿಸಿದ ಮೇಲೆ ಯಾವುದೋ ಭಾಷೆಯ ಯಾವುದೋ ಅಕ್ಷರ ಮೂಲೆಗೆ ಹೋಗಲೇಬೇಕಿತ್ತು. ಆದರೆ ಫಲ ಏನಾಯಿತು ನೋಡಿ. ಹತ್ತು ಭಾಷೆಗಳಲ್ಲಿ ಬೆರಳಚ್ಚು ಮಾಡುವವರು ದೇಶದಲ್ಲಿ ಎಷ್ಟು ಮಂದಿ ಇದ್ದಾರು? ಒಂದೇ ಭಾಷೆಯಲ್ಲಿ ದಿನವಿಡೀ ಬೆರಳಚ್ಚು ಮಾಡುವ ದೊಡ್ಡ ಸಮೂಹ ಪ್ರತಿ ಎತ್ವಕ್ಕೂ ಕಿರುಬೆರಳು ಚಾಚುತ್ತಿದೆ. ಎಲ್ಲರಿಗಾಗಿ ಮಾಡಿದ್ದರ ಬೆಲೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ನಕ್ಷೆ ಬರೆದವರ ಮನಸ್ಸಿನಲ್ಲಿ ಯಾರು ಮೊದಲು ಬಂದರು ಎಂಬುದರ ಮೇಲೆ ಅದು ಹಂಚಿಹೋಗುತ್ತದೆ.

ನುಡಿಯಲ್ಲಿರುವ ಕೀಲಿಮಣೆ ಕೆ.ಪಿ. ರಾವ್ ಅವರದು. ಅವರ ವಿನ್ಯಾಸ ಹೊರಟದ್ದು ಬೇರೆ ಪ್ರಶ್ನೆಯಿಂದ. ಕನ್ನಡಿಗನ ಮುಂದೆ ಇರುವುದು ಇಂಗ್ಲಿಷ್ ಕೀಲಿಮಣೆ. ಅದರ ಇಪ್ಪತ್ತಾರು ಅಕ್ಷರದ ಕೀಗಳಲ್ಲೇ ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲವೂ ಕೂರಬೇಕು, ಪೂರ್ಣವಿರಾಮ, ಅಲ್ಪವಿರಾಮಗಳ ಕೀಗಳನ್ನು ಮುಟ್ಟಬಾರದು. ಅದಕ್ಕವರು ಕಂಡುಕೊಂಡ ದಾರಿ ಕನ್ನಡ ಲಿಪಿಯ ಸ್ವಭಾವದಿಂದಲೇ ಬಂದದ್ದು. ವ್ಯಂಜನದೊಳಗೆ ‘ಅ’ ಹೇಗೂ ಇದೆ, ಅದನ್ನು ಬೇರೆ ಒತ್ತಬೇಕಾಗಿಲ್ಲ. ಸ್ವರದ ಕೀ ಪದದ ಮೊದಲಲ್ಲಿ ಒತ್ತಿದರೆ ಸ್ವರ, ವ್ಯಂಜನದ ಬೆನ್ನಿಗೆ ಒತ್ತಿದರೆ ಅದೇ ಗುಣಿತಾಕ್ಷರದ ಚಿಹ್ನೆ. ಎರಡು ವ್ಯಂಜನಗಳನ್ನು ಬೆಸೆಯಲು ಎಫ್. ಹೀಗೆ ‘ಕನ್ನಡ’ಕ್ಕೆ ಐದೇ ಕೀ ಸಾಕಾಯಿತು, ಶಿಫ್ಟ್ ಒಮ್ಮೆಯೂ ಬೇಕಾಗಲಿಲ್ಲ. ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶಕ್ಕೆ ಇದನ್ನೇ ಅಳವಡಿಸಿತು, ರಾಜ್ಯ ಸರ್ಕಾರ ಇದನ್ನೇ ಮಾನಕವೆಂದು ಒಪ್ಪಿತು. ತಾಲ್ಲೂಕು ಕಚೇರಿಯಿಂದ ಡಿಟಿಪಿ ಅಂಗಡಿಯವರೆಗೆ ಸಾವಿರಾರು ಕೈಗಳು ಇದಕ್ಕೆ ಒಗ್ಗಿದವು. ಈ ಅಂಕಣ ಮೂಡುತ್ತಿರುವುದೂ ಇದೇ ವಿನ್ಯಾಸದಲ್ಲಿ.

ನನಗೆ ಇದು ಅಚ್ಚುಮೆಚ್ಚು. ಹಾಗೆಂದು ಇದರಿಂದ ಯಾರಿಗೂ ನೋವಾಗಲಿಲ್ಲ ಎನ್ನಲಾರೆ. ಬೆರಳಚ್ಚು ಯಂತ್ರದ ಮೇಲೆ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರಿದ್ದ ಬೆರಳಚ್ಚುಗಾರರ ಕೌಶಲ ಒಂದೇ ಏಟಿಗೆ ಹಳತಾಯಿತು. ಇಂಗ್ಲಿಷ್ ಅಕ್ಷರದ ಪರಿಚಯವೇ ಇಲ್ಲದವರಿಗೆ ‘ಡ’ ಏಕೆ ಡಬ್ಲ್ಯೂನಲ್ಲಿದೆ, ‘ಟ’ ಏಕೆ ಕ್ಯೂನಲ್ಲಿದೆ ಎಂಬುದು ಬಾಯಿಪಾಠ ಮಾಡಬೇಕಾದ ಸಂಗತಿಯಾಗಿಯೇ ಉಳಿಯಿತು.

‘ಬರಹ’ 1998ರಲ್ಲಿ ಬಂತು. ಶೇಷಾದ್ರಿವಾಸು ಚಂದ್ರಶೇಖರನ್ ರೂಪಿಸಿದ ಆ ತಂತ್ರಾಂಶ, ಇಂಗ್ಲಿಷ್ ಟೈಪಿಂಗ್ ಮಾತ್ರ ಗೊತ್ತಿದ್ದ, ಹೊಸ ಕೀಲಿಮಣೆ ಕಲಿಯಲು ಪುರಸೊತ್ತಿಲ್ಲದ ಒಂದು ದೊಡ್ಡ ಕನ್ನಡ ಸಮುದಾಯವನ್ನು ಮರಳಿ ಕನ್ನಡದಲ್ಲಿ ಬರೆಯುವಂತೆ ಮಾಡಿತು. ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗಂತೂ ಅದು ದೊಡ್ಡ ಉಪಕಾರ. ಒಂದೇ ದಿನದಲ್ಲಿ ಬರೆಯಲು ಶುರು ಮಾಡಬಹುದು ಎಂಬುದು ಸಣ್ಣ ಮಾತಲ್ಲ. ಆದರೆ ಅಲ್ಲಿ ಕನ್ನಡ ಪದ ಮೊದಲು ತಲೆಯೊಳಗೆ ರೋಮನ್ ಲಿಪಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದುವ ಮೂರನೇ ತರಗತಿಯ ಮಗುವಿಗೆ ‘ಳ’ ಬೇಕಾದಾಗ ದೊಡ್ಡ ಎಲ್ ಏಕೆ ಹುಡುಕಬೇಕು ಎಂದರೆ ಉತ್ತರವಿಲ್ಲ.

ಲ್ಯಾರಿ ಟೆಸ್ಲರ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿಯ ಹೆಸರಿನಲ್ಲಿ ಒಂದು ನಿಯಮ ಇದೆ. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದಾಗ ನಾವು ಇಂದು ದಿನಕ್ಕೆ ನೂರು ಸಲ ಬಳಸುವ ಕಟ್, ಕಾಪಿ, ಪೇಸ್ಟ್‌ಗೆ ರೂಪ ಕೊಟ್ಟವರಲ್ಲಿ ಒಬ್ಬರು ಅವರು, 2020ರಲ್ಲಿ ತೀರಿಕೊಂಡರು. ಪ್ರತಿಯೊಂದು ಕೆಲಸಕ್ಕೂ ಅದರದೇ ಆದ ಒಂದಿಷ್ಟು ಜಟಿಲತೆ ಇದೆ, ಅದನ್ನು ಇಲ್ಲವಾಗಿಸಲು ಬರುವುದಿಲ್ಲ. ಅದನ್ನು ಯಾರು ಹೊರಬೇಕು ಎಂಬುದೊಂದೇ ಪ್ರಶ್ನೆ ಎನ್ನುವುದು ಆ ನಿಯಮದ ತಿರುಳು. ಬಳಸುವವರು ಹೊರಬೇಕೋ, ಪ್ರೋಗ್ರಾಮ್ ಬರೆಯುವವರು ಹೊರಬೇಕೋ?

ಕನ್ನಡದ ಮಟ್ಟಿಗೆ ಈ ಪ್ರಶ್ನೆ ಎಷ್ಟು ಸೂಕ್ಷ್ಮ ಎಂದು ನೋಡಲು ಅರ್ಕಾವತ್ತಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ‘ಸೂರ್ಯ’ ಪದವನ್ನು ಹೆಚ್ಚಿನವರು ಅರ್ಕಾವತ್ತು ಕೊಟ್ಟು ಬರೆಯುತ್ತೇವೆ. ರಕಾರಕ್ಕೆ ಯ ಒತ್ತು ಕೊಟ್ಟು ‘ಸೂರ‍್ಯ’ ಎಂದು ಬರೆಯುವವರೂ ಇದ್ದಾರೆ. ಎರಡೂ ಶುದ್ಧವೇ. ಇತ್ತ ‘ರ‍್ಯಾಂಕ್’ ಎಂಬ ಪದದಲ್ಲಿ ಅರ್ಕಾವತ್ತು ಹಾಕಿದರೆ ‘ರ್ಯಾಂಕ್’ ಎಂದಾಗಿ ಕಣ್ಣಿಗೆ ಹಿಂಸೆ; ಪದದ ಮೊದಲಲ್ಲಿ ಅರ್ಕಾವತ್ತನ್ನು ಓದಿ ಯಾರಿಗೂ ರೂಢಿಯಿಲ್ಲ. ಯುನಿಕೋಡ್ ಎಂಬ ಸಂಕೇತ ಪದ್ಧತಿ ಮಾಡಿದವರ ಮುಂದೆ ಇದ್ದ ಆಯ್ಕೆ ಇದು: ರ, ಹಲಂತ, ಯ ಎಂಬ ಮೂರು ಸಂಕೇತಗಳು ಸಾಲಾಗಿ ಬಂದಾಗ ಪರದೆಯ ಮೇಲೆ ಯಾವ ರೂಪ ಕಾಣಬೇಕು? ಅವರು ಅರ್ಕಾವತ್ತನ್ನು ಆರಿಸಿಕೊಂಡರು. ‘ಸೂರ್ಯ’, ‘ಕಾರ್ಯ’, ‘ಧೈರ್ಯ’ ಬರೆಯುವವರಿಗೆ ನಿರಾಳವಾಯಿತು. ‘ರ‍್ಯಾಂಕ್’, ‘ರ‍್ಯಾಲಿ’ ಬರೆಯುವವರು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ಸೇರಿಸಬೇಕಾಯಿತು. ಅದು ಇದೆ ಎಂಬುದೇ ಬಹಳ ಮಂದಿಗೆ ಗೊತ್ತಿಲ್ಲ. ಹಾಗಾಗಿ ಪತ್ರಿಕೆಗಳ ಜಾಲತಾಣಗಳಲ್ಲೂ ‘ರ್ಯಾಂಕ್’ ತಲೆ ಹಾಕುತ್ತಲೇ ಇರುತ್ತದೆ. ನುಡಿಯ ಕೀಲಿಮಣೆಯಲ್ಲಿ ಅರ್ಕಾವತ್ತಿಗೆ ಪ್ರತ್ಯೇಕ ಕೀ ಇರುವುದರಿಂದ ಬರೆಯುವವರು ತಮಗೆ ಬೇಕಾದ್ದನ್ನು ನೇರವಾಗಿ ಹೇಳಬಹುದು. ಆದರೆ ಹಾಗೊಂದು ಕೀ ಇದೆ ಎಂಬುದನ್ನು ಅವರು ಕಲಿತಿರಬೇಕು. ಹೊರೆ ಎಲ್ಲಿಂದ ಎಲ್ಲಿಗೆ ದಾಟಿತು ಎಂದು ಗಮನಿಸಿ.

ಇಷ್ಟಕ್ಕೇ ಮುಗಿಯುವುದಿಲ್ಲ. ಬರೆದದ್ದನ್ನು ಹುಡುಕುವವರೂ ಇದ್ದಾರಲ್ಲ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಜಕಾರದ ಬಳಿಕ ಕಾಣದ ಒಂದು ತಡೆ ಸಂಕೇತ ಬೇಕು. ಇಲ್ಲದಿದ್ದರೆ ಕಕಾರ ಒತ್ತಾಗಿ ‘ರಾಜ್ಕುಮಾರ್’ ಆಗುತ್ತದೆ. ಓದುವವರಿಗೆ ಎರಡೂ ಒಂದೇ ಹೆಸರು. ಕಂಪ್ಯೂಟರಿಗೆ ಅಲ್ಲ. ಸಂಕೇತ ಹಾಕಿ ಬರೆದದ್ದನ್ನು ಹಾಕದೆ ಹುಡುಕಿದರೆ, ಸರಳವಾಗಿ ಬರೆದ ತಂತ್ರಾಂಶ ‘ಸಿಗಲಿಲ್ಲ’ ಎನ್ನುತ್ತದೆ. ಒಬ್ಬ ಗುಮಾಸ್ತ ಬೆಳಿಗ್ಗೆ ಅರ್ಜಿದಾರರ ಹೆಸರನ್ನು ಅಂದವಾಗಿ ಬಿಡಿಸಿ ದಾಖಲಿಸಿದರು ಎನ್ನಿ. ಮಧ್ಯಾಹ್ನ ಅದೇ ಹೆಸರನ್ನು ಅವಸರದಲ್ಲಿ ಹುಡುಕುವಾಗ ಅವರ ಬೆಳಗಿನ ಶಿಸ್ತೇ ಅವರಿಗೆ ಅಡ್ಡ ಬರುತ್ತದೆ. ಬಳಕೆದಾರರು ಸಾವಿರ ಮಂದಿ, ಹಾಗಾಗಿ ಅಭಿರುಚಿ ಸಾವಿರ ಎನ್ನುತ್ತೇವೆ. ವಾಸ್ತವದಲ್ಲಿ ಒಬ್ಬ ಬಳಕೆದಾರರೇ ದಿನದ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಬಳಕೆದಾರರು.

ಹಾಗಿದ್ದರೆ ಎಲ್ಲ ಆಯ್ಕೆಗಳನ್ನೂ ಇಟ್ಟುಬಿಡಿ, ಬೇಕಾದವರು ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು ಹೇಳಬಹುದು. ಹೇಳಲು ಹಿತವಾದ ಮಾತು. ಇದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದವರು ಮೈಕ್ರೋಸಾಫ್ಟ್‌ನವರು. ವರ್ಡ್ ತಂತ್ರಾಂಶದ ಮೊದಲ ಆವೃತ್ತಿಯಲ್ಲಿ ನೂರರಷ್ಟಿದ್ದ ಆಜ್ಞೆಗಳು 2003ರ ಆವೃತ್ತಿಯ ಹೊತ್ತಿಗೆ ಸುಮಾರು 1500 ಆಗಿದ್ದವು. ಪ್ರತಿಯೊಂದೂ ಯಾರೋ ಬೇಡಿದ್ದೇ. ಮೆನುವಿನ ಒಳಗೆ ಮೆನು, ಪಟ್ಟಿಯ ಪಕ್ಕ ಪಟ್ಟಿ. ಜನ ಕಳಿಸುತ್ತಿದ್ದ ಹೊಸ ಬೇಡಿಕೆಗಳಲ್ಲಿ ಹಲವು ಆಗಲೇ ವರ್ಡ್‌ನಲ್ಲಿ ಇದ್ದ ಸೌಲಭ್ಯಗಳೇ ಎಂದು ಅದರ ವಿನ್ಯಾಸ ತಂಡಕ್ಕೆ ತಿಳಿಯಿತು. ಇದ್ದೂ ಸಿಗುತ್ತಿರಲಿಲ್ಲ ಅಷ್ಟೆ. ಆಫೀಸ್ 2000ರಲ್ಲಿ ಅವರು ಒಂದು ಉಪಾಯ ಮಾಡಿದ್ದರು: ನೀವು ಬಳಸದ ಆಜ್ಞೆಗಳು ಮೆನುವಿನಿಂದ ತಾವಾಗಿ ಮರೆಯಾಗುತ್ತವೆ, ಬಳಸುವವು ಮಾತ್ರ ಕಾಣುತ್ತವೆ. ಪ್ರತಿಯೊಬ್ಬರಿಗೂ ಅವರದೇ ಮೆನು! ಜನರಿಗೆ ಇದು ಹಿಡಿಸಲಿಲ್ಲ. ನಿನ್ನೆ ಇದ್ದ ಜಾಗದಲ್ಲಿ ಇವತ್ತು ಇಲ್ಲದ ವಸ್ತುವನ್ನು ಹುಡುಕುವ ಕಿರಿಕಿರಿ ಯಾರಿಗೆ ಬೇಕು?

2007ರ ಆಫೀಸ್‌ನಲ್ಲಿ ಮೆನುಗಳನ್ನೆಲ್ಲ ಕಿತ್ತುಹಾಕಿ, ಕೆಲಸಕ್ಕೆ ತಕ್ಕಂತೆ ಗುಂಪು ಮಾಡಿದ ಅಗಲವಾದ ರಿಬ್ಬನ್ ತಂದರು. ಅದಕ್ಕೆ ಮೊದಲು ಲಕ್ಷಾಂತರ ಬಳಕೆದಾರರ ಒಪ್ಪಿಗೆ ಪಡೆದು ಅವರ ಬಳಕೆಯ ಲೆಕ್ಕ ತೆಗೆದಿದ್ದರು. ವರ್ಡ್ 2003ರಲ್ಲಿ ಜನ ಕೊಡುತ್ತಿದ್ದ ಒಟ್ಟು ಆಜ್ಞೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಬರೀ ಐದು ಆಜ್ಞೆಗಳದ್ದು: ಪೇಸ್ಟ್, ಸೇವ್, ಕಾಪಿ, ಅನ್‌ಡೂ, ಬೋಲ್ಡ್. ಹಾಗಾದರೆ ಉಳಿದದ್ದನ್ನು ತೆಗೆದರಾಯಿತು ಎನ್ನುವವರಿಗೆ, ಎಕ್ಸೆಲ್ ತಂಡದಲ್ಲಿ ಕೆಲಸ ಮಾಡಿದ್ದ ಜೋಯಲ್ ಸ್ಪೋಲ್ಸ್ಕಿ 2001ರಲ್ಲೇ ಉತ್ತರ ಕೊಟ್ಟಿದ್ದರು. ಜನ ಬಳಸುವುದು ಶೇ 20ರಷ್ಟು ಸೌಲಭ್ಯಗಳನ್ನೇ ಇರಬಹುದು, ಆದರೆ ಪ್ರತಿಯೊಬ್ಬರೂ ಬಳಸುವ ಶೇ 20 ಬೇರೆ ಬೇರೆ ಎಂದು. ಎಲ್ಲರೂ ಬಳಸುವ ಐದನ್ನು ಬಿಟ್ಟರೆ ಮುಂದೆ ಒಬ್ಬರ ದಾರಿ ಇನ್ನೊಬ್ಬರದಲ್ಲ. ನಮ್ಮಲ್ಲೇ ನೋಡಿ, ಪುಸ್ತಕ ಪ್ರಕಾಶಕರಿಗೆ ಅಡಿಟಿಪ್ಪಣಿ ಇಲ್ಲದೆ ಆಗುವುದಿಲ್ಲ, ಒಂದೇ ಪತ್ರವನ್ನು ಹಲವರ ಹೆಸರು, ವಿಳಾಸ ಹಾಕಿ ಕಳಿಸುವ ಕಚೇರಿಗೆ ಮೇಲ್ ಮರ್ಜ್ ಇಲ್ಲದೆ ಆಗುವುದಿಲ್ಲ.

ಆಯ್ಕೆಗಳಿಗೆ ಇನ್ನೊಂದು ಮಿತಿಯೂ ಇದೆ. ಹೆಚ್ಚಿನ ಜನ ಸೆಟ್ಟಿಂಗ್ ಕಡೆ ಹೋಗುವುದೇ ಇಲ್ಲ; ಮೊದಲು ಏನಿತ್ತೋ ಅದೇ ಅವರ ಪಾಲಿಗೆ ತಂತ್ರಾಂಶ. ವಿಂಡೋಸ್‌ನಲ್ಲಿ ಕನ್ನಡ ಎಂದರೆ ಬಹುಕಾಲ ಇನ್‌ಸ್ಕ್ರಿಪ್ಟ್ ಮಾತ್ರ ಇತ್ತು. ಧ್ವನಿಗೆ ತಕ್ಕಂತೆ ಇಂಗ್ಲಿಷ್ ಅಕ್ಷರ ಒತ್ತಿ ಬರೆಯುವ ಫೊನೆಟಿಕ್ ಕೀಲಿಮಣೆ ಅದರೊಳಗೇ ಸೇರಿದ್ದು 2019ರಲ್ಲಿ. ನಡುವಿನ ವರ್ಷಗಳಲ್ಲಿ ಹೊಸ ಕಂಪ್ಯೂಟರ್ ತಂದು, ಕನ್ನಡ ಹಾಕಿಕೊಂಡು, ಕೆ ಬಿಟ್ಟು ಉಳಿದ ಕೀಗಳೆಲ್ಲ ಏಕೆ ಬೇರೇನನ್ನೋ ಮೂಡಿಸುತ್ತಿವೆ ಎಂದು ತಿಳಿಯದೆ ಇಂಗ್ಲಿಷ್‌ಗೆ ಮರಳಿದವರು ಎಷ್ಟೋ ಮಂದಿ. ಅವರು ಯಾರಿಗೂ ದೂರು ಕೊಡಲಿಲ್ಲ. ಕನ್ನಡ ಬರೆಯುವುದು ನಮ್ಮಿಂದಾಗದ ಕೆಲಸ ಅಂದುಕೊಂಡು ಸುಮ್ಮನಾದರು. ಇವರ ಬಗ್ಗೆ ನನಗೆ ತುಂಬಾ ಕಾಳಜಿಯಿದೆ. ಗೊಣಗುವ ಬಳಕೆದಾರರು ಇನ್ನೂ ಜೊತೆಯಲ್ಲಿದ್ದಾರೆ. ಸುಮ್ಮನೆ ಹೊರಟುಹೋದವರು ಯಾವ ಅಂಕಿ ಅಂಶದಲ್ಲೂ ಕಾಣಿಸುವುದಿಲ್ಲ.

ಗೊಣಗುವವರನ್ನೂ ಹಗುರವಾಗಿ ಕಾಣಬಾರದು. 2012ರಲ್ಲಿ ವಿಂಡೋಸ್ 8 ಬಂದಾಗ ಎಡಮೂಲೆಯ ಸ್ಟಾರ್ಟ್ ಬಟನ್ ಮಾಯವಾಗಿತ್ತು. ಬೆರಳಿನಿಂದ ಮುಟ್ಟುವ ಪರದೆಗಳ ಕಾಲ ಬಂತು ಎಂಬ ಅಂದಾಜಿನಲ್ಲಿ, ಮೌಸ್ ಹಿಡಿದು ಕೂತಿದ್ದ ಕೋಟ್ಯಂತರ ಜನರ ಅಭ್ಯಾಸವನ್ನು ಬದಿಗೆ ತಳ್ಳಿದ್ದರು. ಮರುವರ್ಷವೇ ಬಟನ್ ಮರಳಿ ಬಂತು, 2015ರಲ್ಲಿ ಮೆನುವೂ ಬಂತು. ಬದಲಾವಣೆಗೆ ಹೆದರುವವರು, ಹಿಂದುಳಿದವರು ಎಂದು ಇಂಥ ದೂರುಗಳನ್ನು ತಳ್ಳಿಹಾಕುವ ಚಾಳಿ ನಮ್ಮ ತಂತ್ರಜ್ಞರಲ್ಲಿ ಇದೆ. ಬೆರಳಿಗೆ ಕೂತ ಅಭ್ಯಾಸ ಆ ಮನುಷ್ಯರ ಸ್ವಂತ ದುಡಿಮೆ. ವರ್ಷಗಟ್ಟಲೆ ಕೂತು ಗಳಿಸಿದ ವೇಗ ಅದು. ಅದನ್ನು ಒಂದು ಅಪ್‌ಡೇಟ್‌ನಲ್ಲಿ ಕಿತ್ತುಕೊಳ್ಳುವವರು ಪ್ರತಿಯಾಗಿ ಏನು ಕೊಡುತ್ತೇವೆ ಎಂದು ಹೇಳಬೇಕು.

ಕನ್ನಡದಲ್ಲಿ ಇದು ತೀರಾ ಗಂಭೀರವಾಗಿ ಎದುರಾದದ್ದು ಯುನಿಕೋಡ್‌ಗೆ ಬದಲಾಗುವಾಗ. ಅದಕ್ಕೂ ಮೊದಲು ನುಡಿ, ಬರಹ, ಶ್ರೀಲಿಪಿ ಮುಂತಾದವು ತಮ್ಮ ತಮ್ಮ ಫಾಂಟ್‌ಗಳ ಮೂಲಕ ಕನ್ನಡ ತೋರಿಸುತ್ತಿದ್ದವು. ಕಡತದ ಒಳಗೆ ಇರುತ್ತಿದ್ದದ್ದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳೇ. ಕನ್ನಡದ ಫಾಂಟ್ ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಬುಡವಿಲ್ಲದ ಸಾಲುಗಳು. ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರದೇ ಜಾಗ ಇತ್ತು. ಆದರೆ ಮುದ್ರಣಕ್ಕೆ ಪುಟ ಕಟ್ಟುವವರು ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಬರುತ್ತಿರಲಿಲ್ಲ. ಡಿಟಿಪಿಯವರು ‘ನಮಗೆ ಹಳೆಯದೇ ಇರಲಿ’ ಎಂದದ್ದರಲ್ಲಿ ಹಟ ಇರಲಿಲ್ಲ, ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕಾದ ಪುಟ ಇತ್ತು.

ಹಾಗಾದರೆ ಹಳೆಯದೂ ಇರಲಿ, ಹೊಸದೂ ಇರಲಿ ಎಂದು ಬಿಡಬಹುದಿತ್ತೇ? ಇಲ್ಲಿ ನನ್ನ ನಿಲುವು ಖಚಿತ. ಕಣ್ಣು ಕಾಣದ ಓದುಗರು ಕಂಪ್ಯೂಟರಿನ ಪರದೆಯನ್ನು ಓದಿಸಿಕೊಳ್ಳುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಅದಕ್ಕೆ ಫಾಂಟಿನ ಚಿತ್ರ ಕಾಣುವುದಿಲ್ಲ, ಕಡತದ ಒಳಗಿನ ಸಂಕೇತ ಮಾತ್ರ ಸಿಗುತ್ತದೆ. ಹಳೆಯ ಫಾಂಟ್‌ನಲ್ಲಿ ಬರೆದ ಸುತ್ತೋಲೆಯನ್ನು ಅದರ ಮುಂದಿಟ್ಟರೆ ಇಂಗ್ಲಿಷ್ ಅಕ್ಷರಗಳನ್ನೂ ವಿಚಿತ್ರ ಚಿಹ್ನೆಗಳನ್ನೂ ಒಂದೊಂದಾಗಿ ಕೂಗುತ್ತದೆ. ಯುನಿಕೋಡ್‌ನಲ್ಲಿ ಬರೆದಿದ್ದರೆ ಕನ್ನಡದಲ್ಲೇ ಓದುತ್ತದೆ. ಡಿಟಿಪಿಯವರಿಗೆ ಯುನಿಕೋಡ್‌ನಿಂದ ಆಗುವುದು ತೊಂದರೆ. ಹೊಸದನ್ನು ಕಲಿಯಬೇಕು, ಕೆಲವು ತಿಂಗಳು ವೇಗ ಕಡಿಮೆಯಾದೀತು. ಹಳೆಯ ಫಾಂಟ್‌ನಿಂದ ಅಂಧ ವಿದ್ಯಾರ್ಥಿಗೆ ಆಗುವುದು ಬಾಗಿಲು ಮುಚ್ಚಿದ ಅನುಭವ. ಎಷ್ಟು ಕಲಿತರೂ, ಎಷ್ಟು ಶ್ರಮಪಟ್ಟರೂ ಆ ಕಡತ ಅವರಿಗೆ ತೆರೆಯುವುದಿಲ್ಲ. ಎಲ್ಲರನ್ನೂ ಮೆಚ್ಚಿಸಲು ಆಗದಿದ್ದಾಗ ಅಸಮಾಧಾನಗಳನ್ನು ತಲೆ ಎಣಿಸಿ ತೂಗಬಾರದು. ಯಾರಿಗೆ ಕಷ್ಟವಾಗುತ್ತದೆ, ಯಾರು ಹೊರಗೇ ಉಳಿಯುತ್ತಾರೆ ಎಂದು ವಿಂಗಡಿಸಬೇಕು. ಹೊರಗುಳಿಯುವವರು ಹತ್ತೇ ಮಂದಿ ಇದ್ದರೂ ಅವರ ಪರವಾಗಿ ತೀರ್ಮಾನ ಆಗಬೇಕು, ಕಷ್ಟಕ್ಕೆ ಒಳಗಾದ ಸಾವಿರ ಮಂದಿಗೆ ದಾರಿ ಸುಗಮ ಮಾಡಿಕೊಡುವ ಹೊಣೆಯನ್ನು ತಂತ್ರಾಂಶ ಮಾಡಿದವರು ಹೊರಬೇಕು.

ಕನ್ನಡದಲ್ಲಿ ಆ ಹೊಣೆಯನ್ನು ಬಹುಮಟ್ಟಿಗೆ ಹೊತ್ತರು ಎಂಬುದು ನನಗೆ ಹೆಮ್ಮೆಯ ವಿಷಯ. ಕೀಲಿಮಣೆಯ ವಿನ್ಯಾಸ ಬೇರೆ, ಕಡತದೊಳಗಿನ ಸಂಕೇತ ಬೇರೆ ಎಂಬುದನ್ನು ಅವರು ಬಿಡಿಸಿ ನೋಡಿದರು. ಬೆರಳು ಹಳೆಯ ಕೀಗಳನ್ನೇ ಒತ್ತಲಿ, ಮೂಡುವುದು ಯುನಿಕೋಡ್ ಇರಲಿ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ಈಗಲೂ ‘ಕನ್ನಡ’ವೇ ಬರುತ್ತದೆ, ಒಳಗಿನ ಸಂಕೇತ ಮಾತ್ರ ಬದಲಾಗಿದೆ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳೂ ಬಂದವು. ಲಿನಕ್ಸ್‌ನಲ್ಲಂತೂ ಗಣಕ ಪರಿಷತ್ತಿನ ವಿನ್ಯಾಸ, ಇನ್‌ಸ್ಕ್ರಿಪ್ಟ್, ಲಿಪ್ಯಂತರ ಮೂರೂ ಪಕ್ಕಪಕ್ಕದಲ್ಲೇ ಸಿಗುತ್ತವೆ. ಫೋನಿನಲ್ಲಿ ಮುಂಬೈ ಐಐಟಿಯವರ ಸ್ವರಚಕ್ರ ಹಳೆಯ ಚೌಕಟ್ಟನ್ನೇ ಬಿಟ್ಟು ಹೊರಬಂತು: ವ್ಯಂಜನದ ಮೇಲೆ ಬೆರಳಿಟ್ಟರೆ ಅದರ ಸುತ್ತ ಕಾಗುಣಿತ ಚಕ್ರದಂತೆ ಅರಳುತ್ತದೆ, ಬೇಕಾದ ಕಡೆಗೆ ಬೆರಳು ಜಾರಿಸಿದರಾಯಿತು. ಇಂಗ್ಲಿಷ್ ತಿಳಿಯದ, ಕಾಗುಣಿತ ತಿಳಿದ ಅಜ್ಜಿಯೂ ಅದರಲ್ಲಿ ಬರೆಯಬಲ್ಲಳು. ಐದು ಕೀಗೆ ಒಗ್ಗಿದ ನನ್ನಂಥವರಿಗೆ ಅದು ನಿಧಾನ ಎನಿಸುತ್ತದೆ. ಎನಿಸಲಿ, ಅದು ನಮಗಾಗಿ ಮಾಡಿದ್ದಲ್ಲ.

ಆಗಬೇಕಾದ್ದು ಇನ್ನೂ ಉಳಿದಿದೆ. ಸರ್ಕಾರದ ಇಲಾಖೆಗಳು ಜಾಲತಾಣಕ್ಕೋ ಆ್ಯಪ್‌ಗೋ ಟೆಂಡರ್ ಕರೆಯುವಾಗ ಬಣ್ಣ, ಲಾಂಛನ, ಮುಖಪುಟದ ಭಾವಚಿತ್ರಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಅದೇ ಕಾಗದದಲ್ಲಿ ಇನ್ನೂ ಕೆಲವು ಷರತ್ತುಗಳು ಸೇರಲಿ. ‘ರಾಜ್‌ಕುಮಾರ್’ ಎಂದು ಹೇಗೆ ಬರೆದು ಹುಡುಕಿದರೂ ಆ ಹೆಸರಿನವರೆಲ್ಲ ಸಿಗಬೇಕು. ಕಾಣದ ಸಂಕೇತಗಳನ್ನು ಬದಿಗಿಟ್ಟು ಹೋಲಿಸುವುದು ಪ್ರೋಗ್ರಾಮ್ ಬರೆಯುವವರಿಗೆ ಕೆಲವೇ ಸಾಲುಗಳ ಕೆಲಸ. ‘ಸೂರ್ಯ’ ಎಂದು ಹುಡುಕಿದವರಿಗೆ ‘ಸೂರ‍್ಯ’ನೂ ಸಿಗಬೇಕು. ಹೊರಡಿಸಿದ ಪ್ರತಿಯೊಂದು ಆದೇಶವನ್ನೂ ಸ್ಕ್ರೀನ್ ರೀಡರ್ ಕನ್ನಡದಲ್ಲಿ ಓದಬೇಕು, ಮುದ್ರಿಸಿ ಸ್ಕ್ಯಾನ್ ಮಾಡಿದ ಚಿತ್ರವನ್ನು ಏರಿಸಿದರೆ ಬಿಲ್ ಪಾಸಾಗಬಾರದು. ಕೌಂಟರಿನ ಕಂಪ್ಯೂಟರಿನಲ್ಲಿ ಮೂರೂ ಕೀಲಿಮಣೆಗಳು ಇರಬೇಕು, ಪಾಳಿ ಬದಲಾದಾಗ ಕೂತವರು ತಮ್ಮದಕ್ಕೆ ಒಂದೇ ಒತ್ತಿನಲ್ಲಿ ಹೋಗುವಂತಿರಬೇಕು. ಇದರಿಂದ ಕೆಲಸ ಹೆಚ್ಚುವುದು ತಂತ್ರಾಂಶ ಬರೆಯುವ ತಂಡಕ್ಕೆ. ಟೆಂಡರಿನ ಹಣ ಸಂದಾಯವಾಗುವುದೂ ಆ ತಂಡಕ್ಕೇ.